ಗಾಯ ನೋಡಲು ಬಂದವರು

ಆಗ ನಾವು ಹಿಟ್ನಾಳದಲ್ಲಿದ್ದೆವು. ಗಂಡ ಬಡಗಿ. ನೇಗಿಲು ಕೆತ್ತುವಾಗ ಬಾಚಿ ಜಾರಿ ಪಾದ ಸೀಳಿಕೊಂಡ. ಗಾಯಕ್ಕಿಂತ ಗಾಯ ನೋಡಲು ಬಂದವರ ಕಾಟವೇ ನನಗೆ ಹೆಚ್ಚಾಯಿತು. ಬರಿಗೈಯಲ್ಲಿ ಒಬ್ಬರೂ ಬರುತ್ತಿರಲಿಲ್ಲ. ಒಬ್ಬ ತಂಬಾಕಿನ ಪುಡಿ ಉದುರಿಸಿದ, ಇನ್ನೊಬ್ಬಳು ಸುಣ್ಣ-ಬೆಲ್ಲ ಮೆತ್ತಿದಳು, ಅದರ ಮೇಲೆ ಮತ್ತೊಬ್ಬರು ಸಗಣಿ ಕುಳ್ಳಿನ ಬೂದಿ ಹಾಕಿದರು. ನನ್ನ ಗಂಡನೋ, ಎಲ್ಲರಿಗೂ ಕಾಲು ಚಾಚಿದ.

"ಹಿರ್ಯಾರು ಹಚ್ಚಾಕ ಬಂದ್ರ ಬ್ಯಾಡನ್ನಾಕ ಬರ್ತೈತೇನ?" ಎಂದು ನನ್ನನ್ನೇ ಕೇಳಿದ.

ಐದನೆಯ ದಿನ ಪಾದ ಬಾತು ಕೀವಾಯಿತು. ಚಕ್ಕಡಿ ಕಟ್ಟಿಸಿ ಕೊಪ್ಪಳದ ಹಕೀಮರ ಹತ್ತಿರ ಒಯ್ದೆ. ಮೆತ್ತಿದ್ದನ್ನೆಲ್ಲ ತೊಳೆದು ಅವರು ನನ್ನನ್ನೇ ಬೈದರು.

"ಎರಡು ಹೊತ್ತು ಬೇವಿನೆಲಿ ಕುದಿಸಿದ ನೀರಾಗ ತೊಳಿಯವ್ವಾ. ಜೇನುತುಪ್ಪ ಸವರಿ, ಕುದಿಸಿ ಬಿಸಿಲಿಗೆ ಒಣಗಿಸಿದ ಅರಿವಿ ಕಟ್ಟು. ಹೊಲಸಾದದ್ದು ಸುಟ್ಟುಬಿಡು. ಬ್ಯಾರೆ ಏನರ ಹಚ್ಚಿದ್ರ ಕಾಲು ಉಳಿಯಂಗಿಲ್ಲ, ಖಬರ್ದಾರ್!"

ಮರುದಿನದಿಂದ ನಾನು ಹೊಸ್ತಿಲಲ್ಲಿ ಕುಳಿತೆ. ಬಂದವರಿಗೆ ಕಟ್ಟೆಯ ಮೇಲೆಯೇ ನೀರು ಕೊಟ್ಟು, ಹಕೀಮರ ಮಾತು ಹೇಳಿ ಕಳಿಸಿದೆ. ಸೊಕ್ಕಿನವಳು ಅಂದರು, ಅನ್ನಲಿ. ಕಾಲು ಹೋದ ಬಡಗಿಯನ್ನು ಅವರೇನು ಸಾಕುತ್ತಿದ್ದರೇ? ತೊಡಕಾದದ್ದು ಅರಿವೆಯದು. ಯುದ್ಧದ ಕಾಲ, ಅಂಗಡಿಯಲ್ಲಿ ಒಂದು ಮೊಳವೂ ಸಿಗುತ್ತಿರಲಿಲ್ಲ. ಗಂಡನ ಹಳೆಯ ಧೋತರ, ಕೂಸಿನ ಕುಂಚಿಗೆ, ಎಲ್ಲ ಹರಿದು ಕಟ್ಟಿ ಮುಗಿದಿತ್ತು.

ಅಂಥ ಒಂದು ಮಧ್ಯಾಹ್ನ ಅವ್ವ ಇರಕಲ್ಲಗಡದಿಂದ ನಡೆದು ಬಂದಳು, ಕಂಕುಳಲ್ಲಿ ಒಂದು ಗಂಟು. ನಮ್ಮವ್ವನಿಗೆ ಬೇರು-ತೊಪ್ಪಲಿನ ಹುಚ್ಚು. ನಾನು ಸಣ್ಣವಳಿದ್ದಾಗ ಅವಳ ಲೇಪದಿಂದ ನನ್ನ ಮೈಯೆಲ್ಲ ಬೊಬ್ಬೆ ಎದ್ದಿತ್ತು.

"ನೀನೂ ಬಂದೇನವ್ವಾ, ಅವನ ಕಾಲು ಕಳಿಯಾಕ? ಗಂಟು ಬಿಚ್ಚಬ್ಯಾಡ, ಹೊಳ್ಳಿ ಒಯ್ಯಿ!" ಅಂದೆ.

ಓಣಿಯ ಹೆಂಗಸರೆಲ್ಲ ನೋಡುತ್ತಿದ್ದರು. ಅವ್ವ ಗಂಟನ್ನು ಕಟ್ಟೆಯ ಮೇಲಿಟ್ಟು ತಿರುಗಿ ನಡೆದಳು.

ತಿಪ್ಪೆಗೆ ಚೆಲ್ಲಲೆಂದು ಗಂಟು ಬಿಚ್ಚಿದೆ. ಬೇರೂ ಇಲ್ಲ, ತೊಪ್ಪಲೂ ಇಲ್ಲ. ಕುದಿಸಿ, ಒಣಗಿಸಿ, ನಾಲ್ಕು ಬೆರಳಗಲ ಹರಿದು ಸುತ್ತಿಟ್ಟ ಅರಿವೆ. ಹಸಿರು ಅಂಚು ನೋಡಿ ಗುರುತು ಹತ್ತಿತು. ಅವ್ವನಿಗಿದ್ದದ್ದು ಎರಡೇ ಸೀರೆ, ಅದರಲ್ಲಿ ಇದೊಂದು.

ನನ್ನ ಬಾಯಿಗಿಷ್ಟು ಬೆಂಕಿ ಹಾಕ ಎಂದುಕೊಳ್ಳುತ್ತ ಓಡಿದೆ. ಊರ ಹೊರಗೆ ಸಿಕ್ಕಳು. "ಯಾಕ ಹೇಳಲಿಲ್ಲ ನೀ?" ಎಂದು ಅಳುತ್ತಲೇ ಜಗಳಕ್ಕೆ ನಿಂತೆ.

"ನೀ ಹೇಳಾಕ ಬಿಟ್ಟೇನ? ಮದಲ ಹೋಗಿ ಕಾಲು ಕಟ್ಟು," ಅಂದಳು. ಎಷ್ಟು ಕರೆದರೂ ಮನೆಗೆ ಬರಲಿಲ್ಲ.

ಕಾಲು ಉಳಿಯಿತು. ಗಂಡ ಮತ್ತೆ ಬಾಚಿ ಹಿಡಿದ. ತಿಂಗಳ ಮೇಲೆ ನಾನು ತವರಿಗೆ ಹೋದಾಗ ಹಾಡಹಗಲೇ ಬಾಗಿಲು ಹಾಕಿತ್ತು. ಬಡಿದೆ.

"ಜರಾ ತಡಿಯವ್ವಾ," ಅವ್ವ ಒಳಗಿನಿಂದಲೇ ಕೂಗಿದಳು. "ಸೀರಿ ಇನ್ನಾ ಒಣಗಿಲ್ಲ."

ನಾನು ಹೊರಗೇ ಕುಳಿತೆ.