ಟೇಪು ಎಳೆದ ದಿನ

ನಮ್ಮ ಚಿಕ್ಕಮ್ಮ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಫ್ರೇಮಿಗೆ ಬಿಸಿಗಾಳಿ ಹಿಡಿದು, ಕಡ್ಡಿಯನ್ನು ಕಿವಿಯ ಹಿಂದೆ ಕೂರುವಂತೆ ಬಗ್ಗಿಸುವಾಗಲೂ ಅವಳ ಬಾಯಿ ಸುಮ್ಮನಿರುವುದಿಲ್ಲ. "ಫ್ರೇಮ್ ಸರಿಯಾಗೇ ಇದೆ, ನಿಮ್ಮ ಮೂಗನ್ನೇ ಸ್ವಲ್ಪ ಬಗ್ಗಿಸ್ಬೇಕು" ಎಂದು ಗಿರಾಕಿಗೇ ಹೇಳುವವಳು. ಇಂಥವಳು ಒಂದು ಕಾಲದಲ್ಲಿ ಪಾಪ್ ಗಾಯಕಿ ಎಂದರೆ ಯಾರೂ ನಂಬುವುದಿಲ್ಲ. ನಂಬದಿರುವುದೇ ಸರಿ. ಹಾಡುತ್ತಿದ್ದವಳು ನಮ್ಮಮ್ಮ, ಅವಳ ಅಕ್ಕ.

ಅಮ್ಮನಿಗೆ ದನಿಯಿತ್ತು, ಧೈರ್ಯವಿರಲಿಲ್ಲ. ಎದುರಿಗೆ ನಾಲ್ಕು ಜನ ಕೂತರೆ ಗಂಟಲಿನ ಪಸೆ ಆರುತ್ತಿತ್ತು. ತಂಗಿಗೆ ಧೈರ್ಯವೋ ಧೈರ್ಯ. ದನಿ ಮಾತ್ರ ದೇವರಿಗೇ ಪ್ರೀತಿ. ಹಾಗಾಗಿ ಅಮ್ಮ ಟೇಪಿನಲ್ಲಿ ಹಾಡುವುದು, ಚಿಕ್ಕಮ್ಮ ವೇದಿಕೆಯ ಮೇಲೆ ಕುಣಿಯುತ್ತ ತುಟಿ ಆಡಿಸುವುದು ಎಂದಾಯಿತು. ಕ್ಯಾಸೆಟ್ಟಿನ ಮೇಲೂ ಚಿಕ್ಕಮ್ಮನದೇ ಮುಖ. ಅಮ್ಮನದು ಒಂದೇ ಕಟ್ಟಪ್ಪಣೆ: ಏನೇ ಆಗಲಿ, ತುಟಿ ದನಿಯನ್ನು ಬಿಡಬಾರದು.

ಒಂದು ದೊಡ್ಡ ಕಾರ್ಯಕ್ರಮದ ನಡುವೆ ಟೇಪು ಎಳೆಯತೊಡಗಿತು. ಹುಡುಗಿಯ ದನಿ ನಿಧಾನವಾಗುತ್ತ ಆಗುತ್ತ ಶೀತವಾದ ಗಂಡಸಿನ ದನಿಯಾಯಿತು. ಮೈಕು ಕೆಟ್ಟಿದೆ ಎಂದು ಕೈಸನ್ನೆ ಮಾಡಿ ಒಳಗೆ ಓಡಬಹುದಿತ್ತು. ಆದರೆ ನಮ್ಮ ಚಿಕ್ಕಮ್ಮ ಅಕ್ಕನ ಮಾತು ಮೀರುವವಳೇ? ತುಟಿಯನ್ನೂ ನಿಧಾನ ಮಾಡಿದಳು, ಕೈಕಾಲನ್ನೂ ನಿಧಾನ ಮಾಡಿದಳು, ಟೇಪು ನಿಂತಾಗ ಬಾಯಿ ತೆರೆದುಕೊಂಡೇ ನಿಂತಳು.

ಜನ ಮೊದಲು ನಕ್ಕರು, ಆಮೇಲೆ ಕೂಗಾಡಿದರು. ಹಿಂದೆ ಹಾಡಿಗೆಂದು ಕೊಟ್ಟಿದ್ದ ಪ್ರಶಸ್ತಿಯನ್ನೂ ಸಂಘಟಕರು ಕಿತ್ತುಕೊಂಡರು. ದನಿ ಯಾರದೆಂದು ಪತ್ರಿಕೆಯವರು ಎಷ್ಟು ಪೀಡಿಸಿದರೂ ಚಿಕ್ಕಮ್ಮ ಬಾಯಿ ಬಿಡಲಿಲ್ಲ.

ಅಮ್ಮ ಹಾಡುವುದನ್ನೇ ಬಿಟ್ಟಳು. ಅವತ್ತು ಟೇಪನ್ನು ಯಂತ್ರಕ್ಕೆ ಹಾಕಿದವಳು ಅವಳೇ. ಅಕ್ಕನೇ ಬೇಕೆಂದು ಟೇಪು ಕೆಡಿಸಿದಳೆಂದು ತಂಗಿ ತಿಳಿದಿದ್ದಾಳೆ ಎಂಬ ಕೊರಗು ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ಕೇಳಲೂ ಹೆದರಿಕೆ, ಹೌದು ಎಂದುಬಿಟ್ಟರೆ? ಯಾರಾದರೂ ಹಳೆಯ ಹಾಡಿನ ಮಾತೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಎದ್ದು ಒಳಗೆ ಹೋಗುತ್ತಿದ್ದಳು. ಕುಂಬಳಕಾಯಿಯನ್ನು ಕದ್ದೇ ಇರಲಿಲ್ಲ ಎನ್ನುವುದು ಬೇರೆ ಮಾತು.

ಮೊನ್ನೆ ಒಬ್ಬ ನಿರ್ದೇಶಕಿ ಬಂದಳು. ಮಾನ ಕಳೆದುಕೊಂಡ ಪಾಪ್ ಗಾಯಕರ ಮೇಲೆ ಸಿನಿಮಾ ಮಾಡುತ್ತಾಳಂತೆ. ಹಾಡು ರೆಕಾರ್ಡ್ ಮಾಡಿದ್ದ ಸ್ಟುಡಿಯೋದವನಿಂದ ಅಮ್ಮನ ವಿಷಯವೂ ಅವಳಿಗೆ ತಿಳಿದಿತ್ತು. ಅಂಗಡಿಯ ಕಣ್ಣು ಪರೀಕ್ಷೆಯ ಕೋಣೆಯಲ್ಲಿ ನಾವೆಲ್ಲ ಕೂತೆವು.

"ಕೊನೇಲಿ ಅಕ್ಕ ಹೊಟ್ಟೆಕಿಚ್ಚಿಗೆ ಟೇಪ್ ಹಾಳ್ಮಾಡ್ತಾಳೆ. ಚೆನ್ನಾಗಿರುತ್ತೆ ಅಲ್ವಾ?" ಎಂದಳು ನಿರ್ದೇಶಕಿ.

ಅಮ್ಮ ತಂಗಿಯ ಕಡೆ ನೋಡಲಾರದೆ ಗೋಡೆಯ ಮೇಲಿನ ಅಕ್ಷರಗಳನ್ನೇ ನೋಡುತ್ತ ಕೂತಳು.

"ನಮ್ಮಕ್ಕನಾ?" ಎಂದಳು ಚಿಕ್ಕಮ್ಮ. "ಇವಳು ಇರುವೆ ಮೇಲೆ ಕಾಲಿಡೋಕೂ ಹೆದರ್ತಾಳೆ. ಆ ಟೇಪನ್ನ ದಿನಾ ಹಾಕ್ಕೊಂಡು ಕನ್ನಡಿ ಮುಂದೆ ಕುಣಿದು ಕುಣಿದು ಸವೆಸಿದ್ದೇ ನಾನು. ಇನ್ನೊಂದು ಹೇಳ್ತೀನಿ ಕೇಳಿ. ಅದು ಕೈಕೊಡ್ತಲ್ಲ, ಅವತ್ತು ಹೊಟ್ಟೆ ತುಂಬ ಉಂಡು ಗೊರಕೆ ಹೊಡೆದೆ. ಅಲ್ಲೀವರೆಗೂ, ಯಾವತ್ತು ಸಿಕ್ಕಿಬೀಳ್ತೀನೋ ಅಂತ ತುತ್ತೇ ಇಳೀತಿರ್ಲಿಲ್ಲ."

ಅಮ್ಮ ತಿರುಗಿದಳು. "ಮತ್ತೆ ಇಷ್ಟು ವರ್ಷ ಯಾಕೇ ಹೇಳ್ಲಿಲ್ಲ?"

"ನಿನ್ನ ಹಾಡೇ ನಿಂತುಹೋಯ್ತಲ್ಲಕ್ಕಾ. ನೀನು ಅಳ್ತಾ ಕೂತಿರುವಾಗ, ನನಗೆ ಖುಷಿಯಾಗಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ನಿನ್ನ ಮಾನ ಹೋಯ್ತಲ್ಲಾ ಅಂತ ಕಣೇ ನಾನು ಹಾಡೋದು ಬಿಟ್ಟಿದ್ದು, ಪೆದ್ದಿ!"

ಅಮ್ಮ ಅಳುತ್ತಳುತ್ತಲೇ ನಗತೊಡಗಿದಳು. ನಿರ್ದೇಶಕಿಗೆ ಮಾತ್ರ ಅವಳದೇ ಚಿಂತೆ.

"ಹಾಗಾದ್ರೆ ಈ ಕತೇಲಿ ತಪ್ಪು ಮಾಡ್ದೋರೇ ಇಲ್ವಲ್ಲ?"

"ಇಲ್ಲಮ್ಮ, ಇಲ್ಲ" ಎಂದಳು ಅಮ್ಮ. ಅಷ್ಟು ನಿರಾಳವಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.