ಇಪ್ಪತ್ತಮೂರನೆಯ ಬಾಯಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಏಳು ವರ್ಷಗಳ ಹಿಂದಿನ ಮಾತು. ಆ ದಿನ ಮೋಡ ಕವಿದಿತ್ತೆಂದು ನನ್ನ ನೆನಪು. ದಿನಚರಿಯಲ್ಲಿ ನೋಡಿದರೆ ‘ವಿಪರೀತ ಬಿಸಿಲು, ತಲೆನೋವು’ ಎಂದು ನಾನೇ ಬರೆದಿದ್ದೇನೆ. ಆಗ ಮೂರು ಗಂಟೆಯಾಗಿತ್ತೋ ನಾಲ್ಕಾಗಿತ್ತೋ, ಅದೂ ಖಚಿತವಿಲ್ಲ. ಬೇರೆಯವರು ಇಂಥ ಅನುಭವಗಳನ್ನು ಹೇಳಿದಾಗ ನಾನು ನಂಬಿದವಳಲ್ಲ. ದಣಿದ ಮಿದುಳು ಏನನ್ನಾದರೂ ಕಟ್ಟಿಕೊಡುತ್ತದೆ ಎಂದು ವಿವರಿಸಲು ಹೋಗಿ, ಹೇಳಿದವರ ಮುಖ ಸಪ್ಪಗಾದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ಒಂದು ಕಾಗದ ನನ್ನ ಹತ್ತಿರ ಇದೆ. ಅದು ಹೇಗೆ ಬಂತೆಂದು ನನಗೆ ಗೊತ್ತಿಲ್ಲ.

ಆಗ ನಾನು ಸ್ಕಾಟ್ಲೆಂಡಿನಲ್ಲಿ ಸಮುದಾಯ ದಂತ ಆರೋಗ್ಯದ ಬಗ್ಗೆ ಓದುತ್ತಿದ್ದೆ. ವಾರದಲ್ಲಿ ಐದು ದಿನ ಪಾಠ, ಶನಿವಾರ ಒಂದು ವ್ಯಾನಿನಲ್ಲಿ ಕೆಲಸ. ಮನೆಯಿಲ್ಲದವರು, ಆಶ್ರಯ ಕೇಳಿ ಬಂದ ಬೇರೆ ದೇಶದವರು, ದುಡ್ಡು ಕೊಟ್ಟು ಹಲ್ಲು ತೋರಿಸಲಾಗದವರು ಅಲ್ಲಿಗೆ ಬರುತ್ತಿದ್ದರು. ಆ ದೇಶದಲ್ಲಿ ಹಲ್ಲು ಕೀಳುವ ಪರವಾನಗಿ ನನಗಿರಲಿಲ್ಲ. ಹಿರಿಯ ವೈದ್ಯೆಗೆ ಸಲಕರಣೆ ಎತ್ತಿಕೊಡುವುದು, ಹೆದರಿದವರ ಪಕ್ಕ ಕೂರುವುದು, ಹೇಳಿದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ. ಬಂದವರಲ್ಲಿ ಹೆಚ್ಚಿನವರು ಬಾಯಿ ತೆರೆಯುವ ಮುಂಚೆ ಕ್ಷಮೆ ಕೇಳುತ್ತಿದ್ದರು. ಆ ಕ್ಷಮೆಯನ್ನು ಕೇಳಿ ಕೇಳಿ, ಶನಿವಾರ ಸಂಜೆ ರೂಮಿಗೆ ಬಂದರೆ ಅನ್ನ ಮಾಡಿಕೊಳ್ಳಲೂ ಕೈ ಏಳುತ್ತಿರಲಿಲ್ಲ. ಆ ವರ್ಷ ನನಗೆ ನಿದ್ದೆ ಸರಿಯಾಗಿರಲಿಲ್ಲ. ಇದನ್ನು ಓದುಗರು ಲೆಕ್ಕಕ್ಕೆ ತೆಗೆದುಕೊಳ್ಳಲಿ ಎಂದೇ ಹೇಳುತ್ತಿದ್ದೇನೆ.

ಬೇಸಿಗೆ ರಜೆಯಲ್ಲಿ ಪ್ರಬಂಧದ ಕೆಲಸಕ್ಕೆ ಊರಿಗೆ ಬಂದೆ. ನಮ್ಮ ಮನೆ ಮದ್ದೂರಿನಲ್ಲಿ. ಹಲಗೂರಿನ ಸುತ್ತಲಿನ ಹಳ್ಳಿಗಳಲ್ಲಿ ಐವತ್ತು ದಾಟಿದ ಹೆಂಗಸರ ಬಾಯಿ ಪರೀಕ್ಷಿಸುವುದು, ಕೀಳಬೇಕಾದ ಹಲ್ಲನ್ನು ಅಲ್ಲೇ ಕೀಳುವುದು, ಅನುಮಾನ ಕಂಡವರನ್ನು ಮಂಡ್ಯದ ಆಸ್ಪತ್ರೆಗೆ ಕಳಿಸುವುದು ಎಂದು ಗೊತ್ತಾಗಿತ್ತು. ಓಡಾಟಕ್ಕೆ ಹತ್ತಿರವಾಗಲೆಂದು ಮಳವಳ್ಳಿಯಲ್ಲಿ ದೊಡ್ಡಮ್ಮನ ಮನೆಯಲ್ಲಿ ಉಳಿದುಕೊಂಡೆ. ದೊಡ್ಡಮ್ಮ ಅಮ್ಮನ ಅಕ್ಕ, ಅಂಗನವಾಡಿ ಟೀಚರಾಗಿ ನಿವೃತ್ತಳಾದವಳು. ಅವಳ ಅಕ್ಷರ ಅಚ್ಚು ಹಾಕಿದ ಹಾಗೆ. ಬರೆದುಕೊಳ್ಳುವವರು ಬೇಕಲ್ಲ ಎಂದಾಗ ತಾನೇ ಬರುತ್ತೇನೆಂದು ಹೊರಟಳು.

ನಮ್ಮ ಕೆಲಸದ ಕ್ರಮ ಸರಳ. ನಾನು ಬಾಯೊಳಗೆ ನೋಡಿ ಒಂದೊಂದು ಹಲ್ಲಿಗೂ ಒಂದು ನಂಬರು ಹೇಳುತ್ತೇನೆ, ಬರೆಯುವವರು ಆ ಹಲ್ಲಿನ ಚೌಕದಲ್ಲಿ ಬರೆಯುತ್ತಾರೆ. ಹುಳುಕಿಗೆ ಒಂದು ನಂಬರು, ಬಿದ್ದುಹೋದದ್ದಕ್ಕೆ ಇನ್ನೊಂದು. ಹಾಲುಹಲ್ಲಿಗೆ ಮಾತ್ರ ನಂಬರಿನ ಬದಲು ಅಕ್ಷರ. ಕೊನೆಯ ಸಾಲಿನಲ್ಲಿ ನಾಲಗೆ, ಕೆನ್ನೆ, ತುಟಿಗಳಲ್ಲಿ ಏನಾದರೂ ಕಂಡರೆ ಅದು. ಮೊದಲ ದಿನವೇ ಒಂದು ತೊಡಕು ಬಂತು. ಪರಿಚಯದ ಟೀಚರ ಎದುರು ಬಾಯಿ ತೆರೆಯಲು ಹೆಂಗಸರಿಗೆ ಸಂಕೋಚ. “ಟೀಚರಮ್ಮ, ನೀನ್ ಅತ್ಲಾಗ್ ತಿರಿಕೊ. ನನ್ ಬಾಯ್ ಗವಿ ನೋಡ್ಬುಟ್ಟು ಊರ್ಗೆಲ್ಲ ಸಾರ್ತೀಯ” ಎಂದು ಒಬ್ಬಾಕೆ ಪಟ್ಟು ಹಿಡಿದಳು. ಅಂದಿನಿಂದ ದೊಡ್ಡಮ್ಮ ಬಾಗಿಲ ಬೆಳಕಿಗೆ ಮುಖ ಮಾಡಿ, ನಮಗೆ ಬೆನ್ನು ಹಾಕಿ, ಫಾರಂನಿಂದ ತಲೆ ಎತ್ತದೆ ಬರೆಯುತ್ತಿದ್ದಳು. ಕುರ್ಚಿಗೆ ಯಾರು ಬಂದು ಕೂತರೆಂದು ಅವಳಿಗೆ ಕಾಣುತ್ತಿರಲಿಲ್ಲ, ಕೇಳುತ್ತಿತ್ತು ಅಷ್ಟೇ.

ಈ ವಿಷಯವನ್ನೇ ನಾನು ಯಾಕೆ ಆರಿಸಿಕೊಂಡೆ ಎಂಬುದನ್ನೂ ಹೇಳಬೇಕು. ನಾನು ಮೊದಲು ಪರೀಕ್ಷಿಸಿದ ಬಾಯಿ ಅಮ್ಮನದು. ದಂತ ವೈದ್ಯಕೀಯದ ಎರಡನೇ ವರ್ಷ, ಹಲ್ಲಿನ ಹೆಸರುಗಳಷ್ಟೇ ಗೊತ್ತಿದ್ದ ಕಾಲ. ರಜೆಗೆ ಬಂದಾಗ ಅಮ್ಮನನ್ನು ಅಡುಗೆಮನೆ ಬಾಗಿಲಲ್ಲಿ ಕೂರಿಸಿ ನೋಡಿದ್ದೆ. ದೊಡ್ಡಮ್ಮ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅಮ್ಮನ ಕೆಳದವಡೆಯ ಎಡಗಡೆ ಒಂದು ಹಾಲುಹಲ್ಲು ಬೀಳದೆ ಹಾಗೇ ಉಳಿದಿತ್ತು. ಮೇಲಿನ ಎಡ ಕೋರೆಹಲ್ಲು ಪಕ್ಕಕ್ಕೆ ತಿರುಗಿತ್ತು. ಬಲಗಡೆಯ ಮೇಲಿನ ದವಡೆಹಲ್ಲೊಂದನ್ನು ನಾನು ಹೊಟ್ಟೆಯಲ್ಲಿದ್ದಾಗ ಕೀಳಿಸಿದ್ದಳಂತೆ. ಬ್ಲೌಸ್ ಹೊಲಿಯುತ್ತಿದ್ದಳು, ದಾರ ಕಚ್ಚಿ ಕಚ್ಚಿ ಮುಂದಿನ ಹಲ್ಲಿನ ತುದಿಯಲ್ಲಿ ಸಣ್ಣ ಕಚ್ಚು ಬಿದ್ದಿತ್ತು. ನನಗೆ ಸಂಭ್ರಮವೋ ಸಂಭ್ರಮ. ಇಂಥ ಬಾಯಿ ಕಾಲೇಜಿನಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಎಲ್ಲ ಸರಿಯಾಗಿದೆ ಎಂದು ಹೇಳಿ ಎದ್ದೆ.

ಒಂದು ವರ್ಷ ಕಳೆದ ಮೇಲೆ ಅಮ್ಮನ ನಾಲಗೆಯ ಅಂಚಿನಲ್ಲಿ ಕ್ಯಾನ್ಸರ್ ಪತ್ತೆಯಾಯಿತು. ಅವಳು ಹೊಗೆಸೊಪ್ಪು ಮುಟ್ಟಿದವಳಲ್ಲ. ಯಾವಾಗ ಶುರುವಾಗಿರಬಹುದೆಂದು ಕೇಳಿದ್ದಕ್ಕೆ ವೈದ್ಯರು ಹೇಳಲಾಗದು ಎಂದರು. ನಾನು ನಾಲ್ಕನೇ ವರ್ಷದಲ್ಲಿದ್ದಾಗ ತೀರಿಕೊಂಡಳು. ಮನೆಯಲ್ಲಿ ಯಾರೂ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ನಾನು ನೋಡಿದ ದಿನ ಅದು ಅಲ್ಲಿತ್ತೇ ಎಂದು ಯಾರನ್ನೂ ಕೇಳುವ ಧೈರ್ಯ ನನಗೂ ಬರಲಿಲ್ಲ.

ಈಗ ಆ ದಿನಕ್ಕೆ ಬರುತ್ತೇನೆ. ಹಲಗೂರಿನಿಂದ ಆಟೋದಲ್ಲಿ ಹೋಗಬೇಕಾದ ಒಂದು ಹಳ್ಳಿ, ಅಲ್ಲಿನ ಸಮುದಾಯ ಭವನ. ಬೆಳಗ್ಗೆ ಬಂದವರೆಲ್ಲ ಅವಸರದಲ್ಲಿದ್ದರು. ಊರ ತುಂಬ ರೇಷ್ಮೆಹುಳ ಹಣ್ಣಾಗುವ ಸಮಯ, ಗೂಡು ಕಟ್ಟಲು ಹುಳಗಳನ್ನು ಬಿದಿರಿನ ಚಂದ್ರಿಕೆಗೆ ಬಿಡುವ ಕೆಲಸ ಬಿಟ್ಟು ಬಂದಿದ್ದರು. ಒಬ್ಬಾಕೆ ಹಲ್ಲು ಕೀಳಿಸಿಕೊಂಡು, ಹತ್ತಿ ಕಚ್ಚಿಕೊಂಡೇ ಓಡಿದಳು. ಮಧ್ಯಾಹ್ನ ಯಾರದೋ ಮನೆಯಿಂದ ಮುದ್ದೆ, ಬಸ್ಸಾರು ಬಂತು. ಉಂಡ ಮೇಲೆ ಕರೆಂಟು ಹೋಯಿತು. ಹಣೆಗೆ ಕಟ್ಟಿಕೊಂಡ ದೀಪದಲ್ಲೇ ನೋಡುತ್ತಾ ಹೋದೆ. ಕೊನೆಗೆ ಬಂದವಳು ಕೆಂಪಮ್ಮ ಎಂಬ ಮುದುಕಿ. ಬಾಯಲ್ಲಿ ಇದ್ದದ್ದು ಒಂಬತ್ತು ಹಲ್ಲು. ಅವಳು ಎದ್ದು ಹೋದದ್ದು ನೆನಪಿದೆ. ಬಕೆಟ್ಟಿನ ನೀರಿನಲ್ಲಿ ಕೈ ತೊಳೆದದ್ದು ನೆನಪಿದೆ. ಇವೆರಡರ ನಡುವೆ ನಾನು ಕುರ್ಚಿಯ ಪಕ್ಕದಲ್ಲೇ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ಎಷ್ಟು ಹೊತ್ತು, ಗೊತ್ತಿಲ್ಲ. ಎದ್ದಾಗ ಕತ್ತು ನೋಯುತ್ತಿತ್ತು.

ಸಂಜೆ ಮಳವಳ್ಳಿಗೆ ಬಂದು, ಕಾಫಿ ಕುಡಿದು, ಫಾರಂಗಳನ್ನು ಕಂಪ್ಯೂಟರಿಗೆ ಏರಿಸಲು ಕೂತೆ. ಒಪ್ಪಿಗೆ ಪತ್ರದಲ್ಲಿ ಇಪ್ಪತ್ತೆರಡು ಸಹಿ, ಹೆಬ್ಬೆಟ್ಟು. ಫಾರಂ ಇಪ್ಪತ್ತಮೂರು. ಎರಡು ಸಲ ಎಣಿಸಿದೆ. ಕೊನೆಯದರಲ್ಲಿ ಹೆಸರಿಲ್ಲ, ವಯಸ್ಸಿಲ್ಲ, ಊರಿಲ್ಲ. ಚೌಕಗಳು ಮಾತ್ರ ತುಂಬಿದ್ದವು, ದೊಡ್ಡಮ್ಮನ ಅಚ್ಚುಕಟ್ಟು ಅಕ್ಷರದಲ್ಲಿ. ಕೆಳಗಿನ ಎಡಗಡೆ ಒಂದು ಚೌಕದಲ್ಲಿ ನಂಬರಿನ ಬದಲು ಅಕ್ಷರ ಇತ್ತು. ಬಲಗಡೆ ಮೇಲೆ ಒಂದು ದವಡೆಹಲ್ಲು ಇಲ್ಲ. ಪಕ್ಕದ ಷರಾದಲ್ಲಿ, ಕೋರೆಹಲ್ಲು ತಿರುಗಿದೆ, ಮುಂದಿನ ಹಲ್ಲಿನ ತುದಿಯಲ್ಲಿ ಕಚ್ಚು. ಕೊನೆಯ ಸಾಲಿನಲ್ಲಿ: ನಾಲಗೆ, ಎಡ ಅಂಚು, ಬಿಳಿ ಮಚ್ಚೆ, ರಾಗಿ ಕಾಳಿನಷ್ಟು.

ಕೈಯಲ್ಲಿ ಕಾಗದ ಹಿಡಿದುಕೊಂಡೇ ಅಡುಗೆಮನೆಗೆ ಹೋದೆ. ಇದು ಯಾರದು ಎಂದು ಕೇಳಿದೆ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ನೋಡಿದಳು.

“ನೀನ್ ಹೇಳ್ದೆ, ನಾನ್ ಬರ್ದೆ. ನಂಗೇನ್ ಗೊತ್ತು?”

ಹೆಸರು ಯಾಕಿಲ್ಲ ಎಂದೆ. ನಾನು ಸೀದಾ ಹಲ್ಲಿನಿಂದಲೇ ಶುರು ಮಾಡಿದೆನಂತೆ. ಹೆಸರು ಆಮೇಲೆ ಕೇಳೋಣ ಎಂದು ಅವಳು ಸುಮ್ಮನಾದಳಂತೆ. ನಾನು ನಂಬದವಳ ಹಾಗೆ ನಿಂತಿದ್ದಿರಬೇಕು. ಅವಳು ಆ ಅಕ್ಷರದ ಮೇಲೆ ಬೆರಳಿಟ್ಟಳು.

“ಎಲ್ಲಾದ್ಕೂ ನಂಬರು, ಇದೊಂದ್ಕೆ ಯಾಕೆ ಅಕ್ಸರ ಅಂತ ಕೇಳ್ದೆ ಕಣಮ್ಮ. ಹಾಲಲ್ಲು ದೊಡ್ಡಮ್ಮ, ಬಿದ್ದಿಲ್ಲ ಅಂದೆ ನೀನು.”

ಆ ಮಾತು ಆಡಿದ ನೆನಪು ನನಗೆ ಇವತ್ತಿಗೂ ಇಲ್ಲ.

ಆಗ ನನಗೆ ಬಂದ ಭಯ ಅಮ್ಮನದಲ್ಲ, ನಿಜ ಹೇಳುತ್ತೇನೆ. ಅಂಥ ಬಾಯಿಯ ಒಬ್ಬ ಹೆಂಗಸು ಆ ಹಳ್ಳಿಯಲ್ಲಿ ನಿಜವಾಗಿ ಇದ್ದು, ಆ ಮಚ್ಚೆಯನ್ನು ನೋಡಿಯೂ ನಾನು ಅವಳನ್ನು ಮಂಡ್ಯಕ್ಕೆ ಕಳಿಸದೆ ಮನೆಗೆ ಕಳಿಸಿದ್ದರೆ? ಇನ್ನೊಂದು ಸಲ ಹಾಗಾಗಬಾರದು. ಬೆಳಗ್ಗೆ ಮೊದಲ ಬಸ್ಸಿಗೆ ಹೊರಟೆ. ಮನೆಮನೆಗೆ ಹೋಗಿ ಇಪ್ಪತ್ತೆರಡು ಜನರ ನಾಲಗೆಯನ್ನೂ ಮತ್ತೆ ನೋಡಿದೆ. ಶಿಬಿರಕ್ಕೆ ಬಾರದೆ ಉಳಿದವರಲ್ಲೂ ಸಿಕ್ಕಷ್ಟು ಜನರನ್ನು ನೋಡಿದೆ. ಹುಳದ ಮನೆಯಲ್ಲಿ ಹಣ್ಣಾದ ಹುಳ ಆರಿಸುತ್ತಿದ್ದ ಕೆಂಪಮ್ಮ, “ನೆನ್ನೆ ತಾನೆ ನೋಡ್ದಲ್ಲವ್ವ, ರಾತ್ರೆ ಕಳ್ಯದ್ರೊಳ್ಗೆ ಒಸ ಹಲ್ಲು ಉಟ್ಬುಟ್ಟವಾ?” ಎಂದು ನಗಾಡಿದಳು. ತನ್ನ ನಂತರ ಯಾರಾದರೂ ಒಳಗೆ ಬಂದರಾ ಎಂದು ಕೇಳಿದೆ. ಬಾಗಿಲಲ್ಲಿ ಟೀಚರಮ್ಮ ಕೂತಿರಲಿಲ್ಲವಾ, ಅವಳನ್ನು ದಾಟದೆ ಯಾರು ಬರುತ್ತಾರೆ ಎಂದಳು. ಆ ಬಾಯಿ ಆ ಊರಿನಲ್ಲಿ ಸಿಗಲಿಲ್ಲ.

ವಿವರಣೆ ನನ್ನ ಹತ್ತಿರವೇ ಇದೆ. ಸ್ಟೂಲಿನ ಮೇಲೆ ಕೂತು ನಿದ್ದೆ ಹೋಗಿರಬೇಕು. ನಿದ್ದೆಯಲ್ಲಿ ಹಲ್ಲಿನ ನಂಬರು ಹೇಳುತ್ತೇನೆಂದು ಸ್ಕಾಟ್ಲೆಂಡಿನಲ್ಲಿ ಪಕ್ಕದ ರೂಮಿನವಳು ಒಮ್ಮೆ ತಮಾಷೆ ಮಾಡಿದ್ದಳು. ಅಮ್ಮನ ಬಾಯಿ ನನಗೆ ಬಾಯಿಪಾಠ. ಬೆನ್ನು ಹಾಕಿ ಕೂತಿದ್ದ ದೊಡ್ಡಮ್ಮ ಕೇಳಿದ್ದನ್ನು ಬರೆದಳು. ಹಾಲುಹಲ್ಲಿನ ಪ್ರಶ್ನೆಗೂ ನಿದ್ದೆಯಲ್ಲೇ ಉತ್ತರ ಕೊಟ್ಟಿರಬಹುದು. ಇಷ್ಟನ್ನೂ ಒಪ್ಪುತ್ತೇನೆ.

ಒಪ್ಪಲಾಗದ್ದು ಕೊನೆಯ ಸಾಲು. ನಾನು ಅಮ್ಮನ ಬಾಯಿ ನೋಡಿದ್ದು ಆ ಒಂದೇ ದಿನ. ಆಮೇಲೆ ಆಸ್ಪತ್ರೆಯಲ್ಲಿ ಕಂಡದ್ದು ದೊಡ್ಡ ಹುಣ್ಣು, ರಾಗಿ ಕಾಳಿನಷ್ಟು ಮಚ್ಚೆಯನ್ನು ಅಲ್ಲಿ ಕಾಣುವಂತಿರಲಿಲ್ಲ. ಹಾಗಾದರೆ ಅಡುಗೆಮನೆಯ ಬಾಗಿಲಲ್ಲಿ ನನ್ನ ಕಣ್ಣು ಅದನ್ನು ಕಂಡಿತ್ತೇ, ಅದಕ್ಕೆ ಹೆಸರು ಗೊತ್ತಿಲ್ಲದೆ ನಾನು ಹಾಲುಹಲ್ಲಿನ ಸಂಭ್ರಮದಲ್ಲಿ ದಾಟಿಹೋದೆನೇ? ಇಲ್ಲಾ, ಕಲಿತ ಮೇಲೆ ನನ್ನ ತಪ್ಪಿತಸ್ಥ ಮನಸ್ಸೇ ಅದನ್ನು ಅಲ್ಲಿ ತಂದಿಟ್ಟಿತೇ? ಎರಡನೆಯದೇ ಇರಬೇಕೆಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಮೂರನೆಯದೊಂದು ಸಾಧ್ಯತೆಯನ್ನು ಬರೆಯಲು ಹೋದರೆ ಕೈ ತಡೆಯುತ್ತದೆ.

ಪ್ರಬಂಧದಲ್ಲಿ ಆ ಹಳ್ಳಿಯ ಲೆಕ್ಕ ಇಪ್ಪತ್ತೆರಡೇ ಎಂದು ಬರೆದೆ. ಪದವಿ ಬಂತು. ಅಲ್ಲೇ ಕೆಲವು ವರ್ಷ ಅದೇ ವ್ಯಾನಿನಲ್ಲಿ ಕೆಲಸ ಮಾಡಿ, ಈಗ ಮದ್ದೂರಿಗೆ ಬಂದು ವಾರಕ್ಕೆ ಮೂರು ದಿನ ಹಳ್ಳಿಗಳಲ್ಲಿ ಹಲ್ಲು ನೋಡುತ್ತೇನೆ. ನನಗೆ ಈಗ ಒಂದು ಕೆಟ್ಟ ಅಭ್ಯಾಸವಿದೆ. ಹಲ್ಲುನೋವೆಂದು ಬಂದವರ ನಾಲಗೆಯನ್ನು ಬಟ್ಟೆಯಲ್ಲಿ ಹಿಡಿದು ಎಳೆದು, ಎರಡೂ ಅಂಚು ನೋಡುತ್ತೇನೆ, ಮತ್ತೆ ನೋಡುತ್ತೇನೆ. ನೋವಾದವರು ಬೈಯುತ್ತಾರೆ. ಸಂಜೆಯ ಹೊತ್ತಿಗೆ ಸಾಕಾಗಿ ಹೋಗಿರುತ್ತದೆ, ಆದರೂ ಕೊನೆಯವರನ್ನೂ ಹಾಗೇ ನೋಡುತ್ತೇನೆ.

ಎರಡು ತಿಂಗಳ ಹಿಂದೆ ಮಳವಳ್ಳಿಗೆ ಹೋದಾಗ, ಇಷ್ಟು ವರ್ಷ ಕೇಳದೆ ಉಳಿದದ್ದನ್ನು ದೊಡ್ಡಮ್ಮನನ್ನು ಕೇಳಿಬಿಟ್ಟೆ. ಅವಳು ನನ್ನ ಮುಖ ನೋಡಿದಳು. ಬಸ್ಸಿಗೆ ಹೊತ್ತಾಯಿತು, ಏಳು ಎಂದಳು. ಆಮೇಲೆ ಫೋನಿನಲ್ಲಿ ಎಷ್ಟೋ ಸಲ ಮಾತಾಡಿದ್ದೇವೆ. ಅವಳ ಮಂಡಿನೋವು, ಮಳೆ, ಪಕ್ಕದ ಮನೆಯ ಮದುವೆ, ಎಲ್ಲ ಹೇಳುತ್ತಾಳೆ. ನಾನು ಕೇಳಿದ್ದಕ್ಕೆ ಮಾತ್ರ ಇನ್ನೂ ಏನೂ ಹೇಳಿಲ್ಲ. ಕೇಳಿದ್ದು ಇಷ್ಟೇ:

“ದೊಡ್ಡಮ್ಮ, ಅವತ್ತು ಅಡುಗೆಮನೇಲಿ ನಾನು ಬಾಯಿ ನೋಡೋಕೆ ಮುಂಚೆ, ನಾಲಗೆ ಉರೀತದೆ ಅಂತ ಅಮ್ಮ ನಿನಗೆ ಹೇಳಿದ್ಲಾ?”