ಒಂದ ಕಣ್ಣಿನ ಅಜ್ಜಿ

ಹೋದ ಶ್ರಾವಣದಾಗ ನಮ್ಮ ಬೈರಿದೇವರಕೊಪ್ಪದ ಅಂಗನವಾಡ್ಯಾಗ ಎಲ್ಲಿ ನೋಡಿದ್ರೂ 'ಠ' ಕಾಣಾಕತ್ತಿತ್ತು. ನೀರಿನ ಕೊಡದ ಮ್ಯಾಲ, ಬ್ಯಾಳಿ ಡಬ್ಬಿ ಮ್ಯಾಲ, ಕಡೀಕ ನನ್ನ ಕುರ್ಚಿ ಬೆನ್ನಿಗೂ! ಯಾರೋ ಹಿಟ್ಟಿನ ಬೆರಳಿಲೆ ಬರದಿದ್ರು. ನಾನು ದಾಕ್ಷಾಯಿಣಿ, ಹನ್ನೊಂದು ವರ್ಷದಿಂದ ಇಲ್ಲಿ ಅಕ್ಕೋರು. ಅ ಆ ಇ ಕಲಿಸೂದ್ರಾಗ ನನ್ನ ಗಂಟಲು ಹರದು ಹೋಗೇತಿ. ಠ ತನಕ ನಾ ಇನ್ನೂ ಮುಟ್ಟಿದ್ದಿಲ್ಲ. ಹಂಗಾರ ಇದನ್ನ ಕಲಿಸಿದವರು ಯಾರು?

ಹುಡುಗರನ್ನ ಸಾಲಾಗಿ ನಿಲ್ಲಿಸಿ ಕೇಳಿದೆ. ಪ್ರಬುದ್ಧಾನ್ನ ಮಾತ್ರ ಕೇಳಲೇ ಇಲ್ಲ. ನಾಕು ವರ್ಷದ ಆ ಹುಡುಗಿ ಬಳಪ ಕೈಗೆ ಕೊಟ್ರ ಕೆಳಗ ಬೀಳಿಸಿ, ಗ್ವಾಡಿ ನೋಡ್ಕೋತ ಕುಂಡ್ರತಿದ್ಲು. ಅವರವ್ವ ಜಯಾ ತಾರಿಹಾಳದ ಫ್ಯಾಕ್ಟರಿಗೆ ಹೋಗಾಕಿ. "ಇದಕ್ಕ ತಲೀನ ಓಡೂದಿಲ್ಲೇನ್ರಿ ಅಕ್ಕೋರ? ಸೋಮವಾರದಿಂದ ಬಿಡಿಸಿ ಊರಾಗ ನಮ್ಮವ್ವನ ಕಡೆ ಬಿಡ್ತೇನಿ" ಅಂತ ಅತ್ತಿದ್ಲು. ನನಗೂ ಹಂಗ ಅನಸಿತ್ತು, ಸುಳ್ಳ ಯಾಕ ಹೇಳ್ಲಿ?

ಶುಕ್ರವಾರ ಮಧ್ಯಾಹ್ನ ಹುಡುಗರು ಮಲಗಿದಾಗ ಅಡಗಿ ಖೋಲಿಯಿಂದ ಗೊರಕಿ ಕೇಳಿಸ್ತು. ನಮ್ಮ ಸಹಾಯಕಿ ಹನುಮವ್ವ ಕೆಲಸ ಬಿಟ್ಟು ಮಲಗ್ಯಾಳ ಅಂತ ಸಿಟ್ಟಿಲೆ ಹೋದಾಕಿ ಬಾಗಲದಾಗ ನಿಂತಬಿಟ್ಟೆ.

ಪರಾತದಾಗ ಹಿಟ್ಟು ಹರವಿತ್ತು. ಹನುಮವ್ವ ಬೆರಳಿಲೆ ಒಂದು ಗುಂಡು ತಗದು, ಮ್ಯಾಲೊಂದು ಗೆರಿ ಎಳದ್ಲು. "ಇದು ಅಜ್ಜಿ ಮಾರಿ, ಇದು ತಲಿ ಮ್ಯಾಲಿನ ಸೆರಗು. ಕಣ್ಣು ಮುಚ್ಚಿ ಮಲಗ್ಯಾಳ. ರ್ರ್ರ... ಗೊರಕಿ ಹೊಡ್ಯಾಕತ್ತಾಳ." ಪ್ರಬುದ್ಧಾ ನಕ್ಕೋತ ನಡುವ ಒಂದು ಚುಕ್ಕಿ ಒತ್ತಿದ್ಲು. ಹನುಮವ್ವ ಕಣ್ಣು ಅಗಲಿಸಿ, ಎಚ್ಚರಾದಾಕಿಗತೆ "ಠ!" ಅಂತ ಚೀರಿದ್ಲು. ಹುಡುಗಿ ಹೊಟ್ಟಿ ಹಿಡಕೊಂಡು ನಕ್ಕಿತು. "ಈಗ ನಾ ಅಜ್ಜೀನ ತಗೀತೇನಿ" ಅಂತಂದು ಇಡೀ ಠ ತಾನ ಬರೀತು. ಬರದದ್ದು ಎಡಗೈಲೆ. ನೋಡಿದ್ರ ಹನುಮವ್ವಂದೂ ಎಡಗೈನ.

ಅಯ್ಯ ಶಿವನ! ನಾ ದಿನಾ ಬಳಪ ತುರಕತಿದ್ದದ್ದು ಬಲಗೈಗೆ. ಎಡಗೈಲೆ ಅಕ್ಷರ ಬರೀಬಾರದು ಅಂತ ನನಗ ನಮ್ಮ ಮನ್ಯಾಗ ಕಲಿಸಿದ್ರು.

"ಈಕಿ ಎಡಗೈಲೆ ಬರೀತಾಳಂತ ನಿಮಗ ಗೊತ್ತಿತ್ತಲ್ಲ, ನನಗ್ಯಾಕ ಹೇಳಲಿಲ್ರಿ?" ಅಂತ ಜೋರು ಮಾಡಿದೆ.

"ಹೆಂಗ ಹೇಳ್ಲ್ರಿ ಅಕ್ಕೋರ? ಸಣ್ಣಾಕಿದ್ದಾಗ ಮಾಸ್ತರು ಈ ಕೈ ಗಂಟಿನ ಮ್ಯಾಲ ಫೂಟಪಟ್ಟೀಲೆ ಹೊಡದ್ರು. ಎಂಟು ದಿನಕ್ಕ ಸಾಲಿ ಬಿಟ್ಟೆ. ಅಂಥಾಕಿ ನಿಮಗ ಅಕ್ಷರದ ಸುದ್ದಿ ಹೇಳೂದ? ಈ ಅಜ್ಜಿ ಒಬ್ಬಾಕೀನ ಗ್ವಾಡಿ ಮ್ಯಾಲಿನ ಅಕ್ಷರದ ಪಟ ನೋಡಿ ಕಲ್ತೇನ್ರಿ."

ನನಗ ಭಾಳ ನಾಚಿಕಿ ಆತು. ಮರುದಿನ ಜಯಾನ ಮುಂದ ಪ್ರಬುದ್ಧಾನ ಎಡಗೈಗೆ ಬಳಪ ಇಟ್ಟೆ. ಆಕಿ ಒಮ್ಮೆ ಅಡಗಿ ಖೋಲಿ ಕಡೆ ನೋಡಿ, ಪಾಟಿ ತುಂಬ ಅಜ್ಜಿಗೋಳನ್ನ ತಗದ್ಲು. ಜಯಾ ಪಾಟಿ ಎದಿಗೆ ಅವಚ್ಕೊಂಡು ನಿಂತ್ಲು. ಊರಿಗೆ ಕಳಸೂ ಮಾತು ಮತ್ತ ಎತ್ತಲಿಲ್ಲ.

ತಿಂಗಳ ಕಡೀಕ ಹಾಜರಿ ಪುಸ್ತಕ ತಗದಾಗ ಹನುಮವ್ವ ಎಂದಿನಂಗ ಎಡಗೈ ಹೆಬ್ಬಟ್ಟು ಚಾಚಿದ್ಲು. ಬರ್ಯಾಕ ಬ್ಯಾಡಾಗಿದ್ದ ಕೈ, ಇಪ್ಪತ್ತೆಂಟು ವರ್ಷದ ನೌಕರಿಯಾಗ ಮಸಿ ಹಚ್ಚಾಕ ಮಾತ್ರ ಬೇಕಾಗಿತ್ತು. ನಾ ಮಸಿ ಡಬ್ಬಿ ಮುಚ್ಚಿ, ಆ ಕೈಗೆ ಪೆನ್ನು ಕೊಟ್ಟೆ.

"ನನಗ ಹೆಸರು ಬರ್ಯಾಕ ಬರಂಗಿಲ್ರಿ."

"ಬರೂದನ್ನ ಬರೀರಿ."

ಹನುಮವ್ವ ಸಹಿ ಜಾಗಾದಾಗ ಗುಂಡು ತಗದ್ಲು, ಸೆರಗು ಹಾಕಿದ್ಲು. "ಆಯಿ, ಕಣ್ಣು ಮರತಿ!" ಅಂತ ಬಾಜೂಕ ನಿಂತಿದ್ದ ಪ್ರಬುದ್ಧಾ ಬೈದ ಮ್ಯಾಲ ನಡುವ ಚುಕ್ಕಿ ಇಟ್ಲು. ಇದೆಂಥಾ ಸಹಿ ಅಂತ ಮ್ಯಾಲಿನವರು ಕೇಳಿದ್ರ ಕೇಳ್ಲಿ, ನಾ ಹೇಳ್ತೇನಿ.